ಸಂಘದ ಲೆಕ್ಕ: ಸಿಎ ಹತ್ತಿರ ಹೋಗುವ ಮುಂಚೆ

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿಯ ನಮ್ಮ ಆಫೀಸಿಗೆ ಕೈಚೀಲಗಳು ಬರುತ್ತವೆ. ಮಹಿಳಾ ಮಂಡಳದ್ದು, ಭಜನಾ ಸಂಘದ್ದು. ಒಳಗೆ ಪಾವತಿ ಪುಸ್ತಕ, ಚಹಾದ ಕಲೆ ಬಿದ್ದ ಬಿಲ್ಲು. ‘ಸುಮ್ನೆ ಒಂದು ಬ್ಯಾಲೆನ್ಸ್ ಶೀಟ್ ಮಾಡಿಕೊಡ್ರಿ ಸರ್’ ಎನ್ನುತ್ತಾರೆ.

ಮೊದಲು, ಬೇಕಾಗಿರುವುದೇನು ಎಂದು ತಿಳಿದುಕೊಳ್ಳಿ. ನೀವು ಕೊಟ್ಟ ಅಂಕಿಗಳನ್ನೇ ಸಿಎ ಜೋಡಿಸಿಕೊಟ್ಟರೆ ಅದು ಕಂಪೈಲೇಶನ್. ಲೆಕ್ಕ ಸರಿ ಇದೆ ಎಂಬ ಭರವಸೆ ಅದರಲ್ಲಿ ಇರುವುದಿಲ್ಲ. ರಿವ್ಯೂ ಅಂದರೆ ಪ್ರಶ್ನೆ ಕೇಳಿ, ಹೋದ ವರ್ಷದ ಜೊತೆ ಹೋಲಿಸಿ ಕೊಡುವ ಸೀಮಿತ ಭರವಸೆ. ವೋಚರ್, ಅಂದರೆ ಪ್ರತಿ ಖರ್ಚಿನ ಪುರಾವೆ ಚೀಟಿ, ತೆಗೆದು ನೋಡುವುದು ಆಡಿಟ್. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ನೋಂದಾಯಿಸಿದ್ದರೆ ರಿಜಿಸ್ಟ್ರಾರರಿಗೆ ಆಡಿಟ್ ಆದ ಲೆಕ್ಕವೇ ಬೇಕು. ಕಂಪೈಲೇಶನ್ ಒಯ್ದು ವಾಪಸ್ ಬಂದವರನ್ನು ನೋಡಿದ್ದೇನೆ.

ಆಮೇಲೆ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಪೆಟ್ರೋಲ್ ಪಂಪಿನ ಚೀಟಿಯ ಅಕ್ಷರ ಬೇಗ ಅಳಿಸುತ್ತದೆ, ಅವತ್ತೇ ಜೆರಾಕ್ಸ್ ಮಾಡಿಸಿ.

ಇನ್ನು ಎಲ್ಲರೂ ಎಡವುವ ಜಾಗ, ಬ್ಯಾಂಕ್ ತಾಳೆ. ಅಂದರೆ ನಿಮ್ಮ ಕಿರ್ದಿಯನ್ನು (ದಿನದ ಲೆಕ್ಕದ ಪುಸ್ತಕ) ಪಾಸ್‌ಬುಕ್ ಜೊತೆ ಹೋಲಿಸಿ ನೋಡುವುದು. ಮಾರ್ಚ್ 31ಕ್ಕೆ ಕಿರ್ದಿಯಲ್ಲಿ ಬ್ಯಾಂಕ್ ಶಿಲ್ಕು (ಉಳಿದ ಹಣ) 48,200, ಪಾಸ್‌ಬುಕ್‌ನಲ್ಲಿ 55,976 ಎಂದುಕೊಳ್ಳಿ. ಗಾಬರಿ ಬೇಡ. ಎರಡನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಇರುವ ಸಾಲಿಗೆಲ್ಲ ಪೆನ್ಸಿಲ್ ಟಿಕ್ ಹಾಕುತ್ತಾ ಹೋಗಿ. ಟಿಕ್ ಬೀಳದೆ ಉಳಿದವೇ ಉತ್ತರ. ಗದಗಿನ ಪ್ರಿಂಟಿಂಗ್ ಪ್ರೆಸ್ಸಿಗೆ ಮಾರ್ಚ್ 28ರಂದು ಕೊಟ್ಟ 6,500ರ ಚೆಕ್ ಏಪ್ರಿಲ್ 3ಕ್ಕೆ ಪಾಸಾಗಿದೆ. ಬಡ್ಡಿ 612 ಕಿರ್ದಿಗೆ ಹತ್ತಿಲ್ಲ. ಬ್ಯಾಂಕ್ ಶುಲ್ಕವೆಂದು ಮುರಿದುಕೊಂಡ 236 ಕೂಡ ಹತ್ತಿಲ್ಲ. ಒಟ್ಟು ವ್ಯತ್ಯಾಸ 7,776ರಲ್ಲಿ ಇನ್ನೂ 900 ಉಳಿಯಿತಲ್ವಾ? ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ಅದಲುಬದಲಾಗಿರಬಹುದು. ಹುಡುಕಿದರೆ ಸಿಕ್ಕಿತು: 5,400 ದೇಣಿಗೆಯನ್ನು ಖಜಾಂಚಿ 4,500 ಎಂದು ಬರೆದಿದ್ದಾರೆ. ಬಡ್ಡಿ, ಶುಲ್ಕ, 900 ಈ ಮೂರನ್ನೂ ಕಿರ್ದಿಯಲ್ಲಿ ಸರಿಪಡಿಸಿ, 49,476 ಆಗುತ್ತದೆ. ಚೆಕ್ಕನ್ನು ಮಾತ್ರ ಮುಟ್ಟಬೇಡಿ. ಅದು ಕಿರ್ದಿಗೂ ಪಾಸ್‌ಬುಕ್‌ಗೂ ಇರುವ ವ್ಯತ್ಯಾಸ ಬರೆಯುವ ತಾಳೆಪಟ್ಟಿಯಲ್ಲಿ ಬರಬೇಕು, ಅಷ್ಟೇ. ಕಿರ್ದಿಯಲ್ಲಿ ಹೊಡೆದುಹಾಕಿ ಏಪ್ರಿಲ್‌ಗೆ ಬರೆಯುವವರೇ ಜಾಸ್ತಿ, ಅಲ್ಲಿಗೆ ಎರಡೂ ವರ್ಷದ ಲೆಕ್ಕ ಕೆಡುತ್ತದೆ. ತಾಳೆಯಾಗದ ಮೊತ್ತವನ್ನು ‘ಇತರೆ ಖರ್ಚು’ ಎಂದು ತುರುಕುವುದಂತೂ ಬೇಡವೇ ಬೇಡ.

ಇದಕ್ಕೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ತರಬೇಡಿ. ಚಿಕ್ಕ ಸಂಘಕ್ಕೆ ಎಕ್ಸೆಲ್ ಸಾಕು. ಫೋನಿನ ಪುಕ್ಕಟೆ ಆ್ಯಪ್‌ಗಳು ಇನ್ನೂ ಕೆಟ್ಟವು, ಖಜಾಂಚಿ ಫೋನ್ ಬದಲಿಸಿದ ದಿನವೇ ಲೆಕ್ಕ ಮಾಯವಾಗಿದ್ದನ್ನು ಕಂಡಿದ್ದೇನೆ.

‘ಕೊಠಡಿ ಕಟ್ಟಲಿಕ್ಕೆ’ ಎಂದು ಬಂದ ದೇಣಿಗೆಯನ್ನು ಬೇರೆ ನಿಧಿಯಾಗಿ ತೋರಿಸಿ, ದಾನಿಯ ಪತ್ರವನ್ನೂ ಜೊತೆಗಿಡಿ. ತೆರಿಗೆ ವಿನಾಯಿತಿ ಇರುವ ಸಂಸ್ಥೆಯಾದರೆ ಒಬ್ಬರಿಗೆ ಒಂದೇ ದಿನ 10,000ಕ್ಕಿಂತ ಜಾಸ್ತಿ ನಗದು ಕೊಡಬೇಡಿ, ಆ ಖರ್ಚು ವಿನಾಯಿತಿಯ ಲೆಕ್ಕಕ್ಕೆ ಬರುವುದಿಲ್ಲ.

ಕೊನೆಗೆ ಸಹಿ. ವಾರ್ಷಿಕ ಸಭೆಯಾಗಿ 14 ದಿನದೊಳಗೆ ಸಹಿ ಆದ ಲೆಕ್ಕವನ್ನು ರಿಜಿಸ್ಟ್ರಾರ್ ಕಚೇರಿಗೆ ಕೊಟ್ಟು ಸ್ವೀಕೃತಿಯ ಸೀಲ್ ಹಾಕಿಸಿಕೊಂಡು ಬನ್ನಿ. ಅಧ್ಯಕ್ಷರು ಬೆಂಗಳೂರಿಗೆ ಹೋಗುವ ಮುಂಚೆಯೇ ಸಹಿ ಮಾಡಿಸಿಟ್ಟುಕೊಳ್ಳಿ.