ಅಪ್‌ಡೇಟ್ ನಂತರ ಫೋನ್ ಕೈಕೊಟ್ಟರೆ: ದೂರನ್ನು ಗಟ್ಟಿಗೊಳಿಸುವುದು ಹೇಗೆ?

ರಾತ್ರಿ ಅಪ್‌ಡೇಟ್‌ಗೆ ಒಪ್ಪಿಗೆ ಕೊಟ್ಟು ಚಾರ್ಜಿಗೆ ಹಾಕಿದ ಫೋನಿನ ಪರದೆಯಲ್ಲಿ ಬೆಳಿಗ್ಗೆ ಉದ್ದಕ್ಕೂ ಒಂದು ಹಸಿರು ಗೆರೆ ಮೂಡಿರುತ್ತದೆ, ಇಲ್ಲವೇ ದಿನವಿಡೀ ಬರುತ್ತಿದ್ದ ಚಾರ್ಜು ಮಧ್ಯಾಹ್ನಕ್ಕೇ ಖಾಲಿಯಾಗತೊಡಗುತ್ತದೆ. ಸರ್ವಿಸ್ ಸೆಂಟರಿಗೆ ಹೋದರೆ ವಾರಂಟಿ ಮುಗಿದಿದೆ, ಡಿಸ್‌ಪ್ಲೇ ಬದಲಿಸಬೇಕು, ಅದರ ಖರ್ಚು ನಿಮ್ಮದೇ ಎಂಬ ಉತ್ತರ ಸಿಗುತ್ತದೆ. ಕಂಪನಿಯೇ ಕಳಿಸಿದ ಸಾಫ್ಟ್‌ವೇರ್ ಹಾಕಿಕೊಂಡದ್ದಕ್ಕೆ ಗ್ರಾಹಕರು ಏಕೆ ಹಣ ತೆರಬೇಕು ಎಂಬ ಪ್ರಶ್ನೆ ನ್ಯಾಯವಾದದ್ದು. ಆದರೆ ನ್ಯಾಯವಾದ ಪ್ರಶ್ನೆಗೂ ದಾಖಲೆಯ ಬಲ ಬೇಕು. ಇಂಥ ಪ್ರಕರಣದ ಸೋಲು ಗೆಲುವು ಗ್ರಾಹಕರ ಆಯೋಗದ ಮೆಟ್ಟಿಲು ಹತ್ತುವ ಮೊದಲೇ, ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಬರೆಯುವ ಒಂದು ಹಾಳೆಯಲ್ಲಿ ಬಹುಮಟ್ಟಿಗೆ ನಿರ್ಧಾರವಾಗುತ್ತದೆ ಎಂಬುದು ನನ್ನ ದೃಢ ಅಭಿಪ್ರಾಯ.

ಸಾಫ್ಟ್‌ವೇರ್‌ನಿಂದ ಆದ ತೊಂದರೆಗೆ ಕಂಪನಿಯನ್ನು ಹೊಣೆ ಮಾಡಲು ಸಾಧ್ಯವೇ ಎಂದು ಅನುಮಾನಿಸುವವರು ಹಿಂದಿನ ಕೆಲವು ಸಂಗತಿಗಳನ್ನು ತಿಳಿದಿರಬೇಕು. ಬ್ಯಾಟರಿ ಹಳತಾದ ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದನ್ನು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಹಳೆಯ ಫೋನ್‌ಗಳಿಗೆ ಭಾರವಾಗುವ ಅಪ್‌ಡೇಟ್ ಹಾಕಿಸಿದ್ದಕ್ಕಾಗಿ ಇಟಲಿಯ ಸ್ಪರ್ಧಾ ಪ್ರಾಧಿಕಾರವು 2018ರಲ್ಲಿ ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್ಸಂಗ್‌ಗೆ 50 ಲಕ್ಷ ಯೂರೊ ದಂಡ ಹಾಕಿತು. ಗ್ರಾಹಕರಿಗೆ ವಿಷಯ ತಿಳಿಸದೆ ಇದ್ದುದಕ್ಕೆ 2020ರಲ್ಲಿ ಫ್ರಾನ್ಸ್‌ನಲ್ಲಿ ಆ್ಯಪಲ್ 2.5 ಕೋಟಿ ಯೂರೊ ದಂಡ ತೆತ್ತಿತು. ನಮ್ಮಲ್ಲಿಯೂ ಐಒಎಸ್ 18 ಅಪ್‌ಡೇಟ್ ನಂತರದ ತೊಂದರೆಗಳ ಬಗ್ಗೆ ದೂರುಗಳು ಬಂದಾಗ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಆ್ಯಪಲ್‌ಗೆ ನೋಟಿಸ್ ನೀಡಿರುವುದಾಗಿ ಗ್ರಾಹಕ ವ್ಯವಹಾರಗಳ ಸಚಿವ ಪ್ರಲ್ಹಾದ ಜೋಶಿ ಅವರು 2025ರ ಜನವರಿಯಲ್ಲಿ ತಿಳಿಸಿದರು. ಹಸಿರು ಗೆರೆಯ ವಿಷಯದಲ್ಲಿ ಗ್ರಾಹಕರ ಒತ್ತಾಯಕ್ಕೆ ಮಣಿದು, ವಾರಂಟಿ ಮುಗಿದ ಕೆಲವು ಮಾದರಿಗಳಿಗೂ ಉಚಿತವಾಗಿ ಡಿಸ್‌ಪ್ಲೇ ಬದಲಿಸಿಕೊಟ್ಟ ಕಂಪನಿಗಳಿವೆ. ಆದ್ದರಿಂದ ನಿಮ್ಮ ಮಾದರಿಗೆ ಅಂಥ ಯೋಜನೆ ಇದೆಯೇ ಎಂದು ಮೊದಲು ವಿಚಾರಿಸಿಕೊಳ್ಳಬೇಕು. ಕೌಂಟರಿನಲ್ಲಿ ಅದನ್ನು ತಾವಾಗಿಯೇ ಹೇಳುತ್ತಾರೆಂದು ನಂಬಿ ಕೂರುವುದು ಬೇಡ.

ಬಿಲ್ಲಿನಿಂದಲೇ ಆರಂಭ

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ ಮೆಜೆಸ್ಟಿಕ್‌ನ ನ್ಯಾಷನಲ್ ಮಾರ್ಕೆಟ್‌ನಲ್ಲಾಗಲಿ ಬಿಲ್ ಬೇಡವೆಂದರೆ ಇಷ್ಟು ಕಡಿಮೆ ಮಾಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬಾರದು. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿಗಳಲ್ಲಿ ಒಂದೆಂದು ಎಣಿಸುತ್ತದೆ. ಫೋನಿನಲ್ಲಿ *#06# ಒತ್ತಿದಾಗ ಕಾಣುವ 15 ಅಂಕಿಯ ಐಎಂಇಐ ಎಂಬ ಫೋನಿನ ಗುರುತಿನ ಸಂಖ್ಯೆ, ಪೆಟ್ಟಿಗೆಯ ಮೇಲಿನ ಸಂಖ್ಯೆ ಮತ್ತು ಬಿಲ್ಲಿನಲ್ಲಿರುವ ಸಂಖ್ಯೆ ಮೂರೂ ಒಂದೇ ಆಗಿರಬೇಕು. ಅಂಗಡಿಯ ಬಿಲ್ಲಿನ ಅಕ್ಷರಗಳು ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತವೆ, ಹಾಗಾಗಿ ಅಂದೇ ಅದರ ಫೋಟೊ ತೆಗೆದು ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳಿ. ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆಂದು ಕಂಪನಿ ಜಾಹೀರಾತಿನಲ್ಲಿ ಹೇಳಿದೆಯೋ ಆ ಪುಟವನ್ನೂ ಜೊತೆಗೆ ಉಳಿಸಿಕೊಳ್ಳಬೇಕು. ಗೂಗಲ್ ಪಿಕ್ಸೆಲ್ 8 ಮತ್ತು ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್24 ಬಂದಾಗ ಆ ಕಂಪನಿಗಳು 7 ವರ್ಷಗಳ ಅಪ್‌ಡೇಟ್ ಭರವಸೆ ಕೊಟ್ಟವು. ಏಳು ವರ್ಷ ಅಪ್‌ಡೇಟ್ ಕೊಡುವ ಭರವಸೆಯಿತ್ತ ಕಂಪನಿ, ಎರಡನೆಯ ವರ್ಷದ ಅಪ್‌ಡೇಟ್‌ನಿಂದ ಪರದೆ ಹೋದಾಗ ವಾರಂಟಿ ಒಂದೇ ವರ್ಷ ಎಂದು ಕೈತೊಳೆದುಕೊಳ್ಳುವುದು ಎಷ್ಟು ಸರಿ ಎಂದು ಕೇಳಲು ಆ ಪುಟವೇ ಆಧಾರ.

ತೊಂದರೆ ಕಂಡ ದಿನವೇ ಮಾಡಬೇಕಾದದ್ದು

ಅಪ್‌ಡೇಟ್ ಆದ ದಿನಾಂಕ ಮತ್ತು ಆವೃತ್ತಿಯ ಸಂಖ್ಯೆ ಕಾಣುವ ಸೆಟ್ಟಿಂಗ್ಸ್ ಪುಟದ ಸ್ಕ್ರೀನ್‌ಶಾಟ್ ಮೊದಲು ತೆಗೆಯಬೇಕು. ಪರದೆಯ ಗೆರೆ ಸ್ಕ್ರೀನ್‌ಶಾಟ್‌ನಲ್ಲಿ ಬೀಳುವುದಿಲ್ಲ, ಏಕೆಂದರೆ ದೋಷವಿರುವುದು ಡಿಸ್‌ಪ್ಲೇಯಲ್ಲಿ, ಚಿತ್ರದಲ್ಲಲ್ಲ. ಆದ್ದರಿಂದ ಇನ್ನೊಂದು ಫೋನಿನಿಂದ ವಿಡಿಯೊ ಮಾಡಬೇಕು. ಆ ವಿಡಿಯೊದಲ್ಲಿ ಗಾಜಿನ ನಾಲ್ಕೂ ಮೂಲೆ, ಅಂಚು, ಹಿಂಬದಿಯನ್ನು ನಿಧಾನವಾಗಿ ತೋರಿಸಿ, ಎಲ್ಲಿಯೂ ಬಿರುಕಾಗಲಿ ತಗ್ಗಾಗಲಿ ಇಲ್ಲ ಎಂಬುದು ಕಾಣುವಂತೆ ಮಾಡಬೇಕು. ಸಿಮ್ ಟ್ರೇ ಹೊರಗೆ ಎಳೆದು ಒಳಗೆ ಟಾರ್ಚ್ ಬಿಟ್ಟರೆ ಹಲವು ಫೋನ್‌ಗಳಲ್ಲಿ ಸಾಸಿವೆಯಷ್ಟು ಚಿಕ್ಕ ಬಿಳಿ ಪಟ್ಟಿ ಕಾಣುತ್ತದೆ. ನೀರು ತಗುಲಿದರೆ ಕೆಂಪಾಗುವ ಸ್ಟಿಕ್ಕರ್ ಅದು. ಅದು ಬಿಳಿಯಾಗಿದ್ದರೆ ಅದರ ಚಿತ್ರವನ್ನೂ ತೆಗೆದಿಡಬೇಕು. ನೀರು ನಿರೋಧಕವೆಂದು ಐಪಿ68 ಗುರುತು ಹಾಕಿ ಮಾರುವ ಕಂಪನಿಗಳೇ, ನೀರಿನಿಂದ ಹಾಳಾದರೆ ವಾರಂಟಿ ಇಲ್ಲವೆಂದು ಷರತ್ತಿನಲ್ಲಿ ಬರೆದಿರುತ್ತವೆ. ಆ ಗುರುತು ಪ್ರಯೋಗಾಲಯದ ಸಿಹಿನೀರಿನ ಪರೀಕ್ಷೆಗಷ್ಟೇ ಸಂಬಂಧಪಟ್ಟದ್ದು.

ಈ ಹಂತದಲ್ಲಿ ಬೀದಿ ಕೊನೆಯ ಅಂಗಡಿಯಲ್ಲಿ ಫೋನ್ ಬಿಚ್ಚಿಸಲೇಬಾರದು. ಆ ರಿಪೇರಿಯವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಕಾಂಬೋ, ಅಂದರೆ ಗಾಜು ಮತ್ತು ಡಿಸ್‌ಪ್ಲೇ ಕೂಡಿದ ಭಾಗ, ಬದಲಿಸುವ ಕೆಲಸವನ್ನು ಎಸ್‌.ಪಿ. ರಸ್ತೆಯಲ್ಲಿ ಕಂಪನಿಗಿಂತ ಬಹಳ ಕಡಿಮೆ ದರಕ್ಕೆ ಮಾಡಿಕೊಡುತ್ತಾರೆ. ಆದರೆ ಒಮ್ಮೆ ಹೊರಗೆ ಬಿಚ್ಚಿಸಿದರೆ, ದೋಷ ತಯಾರಿಕೆಯದ್ದಲ್ಲ, ಬಿಚ್ಚಿದವರದ್ದು ಎಂದು ಹೇಳಲು ಕಂಪನಿಗೆ ಸುಲಭದ ದಾರಿ ಸಿಗುತ್ತದೆ.

ಜಾಬ್‌ಶೀಟ್ ಎಂಬ ಹಾಳೆ

ಫೋನ್ ಒಪ್ಪಿಸಿದಾಗ ಸರ್ವಿಸ್ ಸೆಂಟರಿನವರು ಕೊಡುವ ಜಾಬ್‌ಶೀಟ್‌ನಲ್ಲಿ ಮುಖ್ಯವಾಗಿ ಮೂರು ಕಡೆ ಕಣ್ಣಿಡಬೇಕು. ಒಂದು, ಗ್ರಾಹಕರು ಹೇಳಿದ ದೂರು. ಅಲ್ಲಿ ಸಾಮಾನ್ಯವಾಗಿ ಡಿಸ್‌ಪ್ಲೇ ಸಮಸ್ಯೆ ಎಂದಷ್ಟೇ ಟೈಪ್ ಮಾಡಿಬಿಡುತ್ತಾರೆ. ಇಂಥ ದಿನಾಂಕದಂದು ಇಂಥ ಆವೃತ್ತಿಯ ಅಪ್‌ಡೇಟ್ ಆದ ಬಳಿಕ ಗೆರೆ ಕಾಣಿಸಿಕೊಂಡಿದೆ ಎಂದು ಪೂರ್ತಿಯಾಗಿ ಬರೆಸಬೇಕು. ಎರಡು, ಫೋನ್ ಒಪ್ಪಿಸಿದಾಗಿನ ಸ್ಥಿತಿ. ಅಲ್ಲಿ ಗೀರುಗಳಿವೆ, ತಗ್ಗುಗಳಿವೆ ಎಂಬ ಸಿದ್ಧ ಸಾಲು ತಾನಾಗಿ ಬಂದಿದ್ದರೆ, ನಿಮ್ಮ ಫೋನ್ ಹಾಗಿಲ್ಲವಾದರೆ, ತೆಗೆಸದೆ ಸಹಿ ಹಾಕಬಾರದು. ತಿಂಗಳುಗಳ ನಂತರ ಭೌತಿಕ ಹಾನಿ ಎಂಬ ವಾದ ಹುಟ್ಟುವುದು ಈ ಸಾಲಿನಿಂದಲೇ. ಮೂರು, ಸರ್ವಿಸ್ ಸೆಂಟರಿನವರ ಪರೀಕ್ಷೆಯ ಫಲಿತಾಂಶ. ದುರಸ್ತಿ ನಿರಾಕರಿಸಿದರೆ ಅದರ ಕಾರಣ ಇಲ್ಲಿ ಬರಹದಲ್ಲಿರಬೇಕು, ಅಂದಾಜು ವೆಚ್ಚದಲ್ಲಿ ಬಿಡಿಭಾಗದ ಬೆಲೆ ಮತ್ತು ಕೂಲಿ ಬೇರೆ ಬೇರೆಯಾಗಿರಬೇಕು. ಕೌಂಟರಿನವರು ತಿದ್ದಲು ಒಪ್ಪದಿದ್ದರೆ ನಿಮ್ಮ ಸಹಿಯ ಪಕ್ಕದಲ್ಲೇ ಪೆನ್ನಿನಿಂದ ಆಕ್ಷೇಪ ಬರೆದು, ಆ ಹಾಳೆಯ ಫೋಟೊ ತೆಗೆದುಕೊಂಡು ಹೊರಡಿ. ಹಿಂದೆ ಸಾಲು ನಿಂತವರು ಗೊಣಗಿದರೂ ಈ ಹತ್ತು ನಿಮಿಷಗಳನ್ನು ಬಿಟ್ಟುಕೊಡಬೇಡಿ.

ಕಂಪನಿಗೆ ಬರೆಯುವ ಪತ್ರ

ಮುಂದಿನ ಕೆಲಸ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮಾಡುವುದು. ಫೋನನ್ನು ಆನ್‌ಲೈನ್‌ನಲ್ಲಿ ಕೊಂಡಿದ್ದರೆ ಮಾರಾಟ ತಾಣಕ್ಕೂ ಬರೆಯಬೇಕು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಆ ತಾಣದ ಅಧಿಕಾರಿ 48 ಗಂಟೆಗಳಲ್ಲಿ ದೂರಿಗೆ ಸ್ವೀಕೃತಿ ಕೊಟ್ಟು, ಒಂದು ತಿಂಗಳಲ್ಲಿ ಪರಿಹಾರ ಹೇಳಬೇಕು. ಪತ್ರದಲ್ಲಿ ಸಿಟ್ಟಿಗೆ ಜಾಗ ಬೇಡ. ಇಷ್ಟು ಸಾಕು: “ನಾನು ಇಂಥ ದಿನ ಕೊಂಡ, ಇಂಥ ಐಎಂಇಐ ಸಂಖ್ಯೆಯ ಫೋನಿಗೆ ನೀವು ಕಳಿಸಿದ ಅಪ್‌ಡೇಟ್ ಹಾಕಿದ ನಂತರ ಪರದೆಯಲ್ಲಿ ಗೆರೆ ಮೂಡಿದೆ. ಫೋನಿಗೆ ಪೆಟ್ಟಾಗಲಿ ನೀರಾಗಲಿ ತಾಗಿಲ್ಲ ಎಂಬುದಕ್ಕೆ ಜಾಬ್‌ಶೀಟ್ ಮತ್ತು ವಿಡಿಯೊ ಲಗತ್ತಿಸಿದ್ದೇನೆ. 15 ದಿನಗಳೊಳಗೆ ಉಚಿತವಾಗಿ ಡಿಸ್‌ಪ್ಲೇ ಬದಲಿಸಿಕೊಡಬೇಕು, ಆಗದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು.” ಬಿಡಿಭಾಗ ಸಿಗುವುದಿಲ್ಲ ಎಂಬ ಉತ್ತರ ಬಂದರೆ ಅದನ್ನೂ ಪ್ರಶ್ನಿಸಬೇಕು. 2025ರ ಜೂನ್ 20ರಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ನಿಯಮದಂತೆ, ಅಲ್ಲಿ ಒಂದು ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳು ಸಿಗುತ್ತಿರಬೇಕು, ಬ್ಯಾಟರಿ 800 ಬಾರಿ ಪೂರ್ತಿ ಚಾರ್ಜ್ ಆದ ಮೇಲೂ ಕನಿಷ್ಠ ಶೇ 80ರಷ್ಟು ಸಾಮರ್ಥ್ಯ ಉಳಿಸಿಕೊಂಡಿರಬೇಕು. ಅಲ್ಲಿ ಸಾಧ್ಯವಾಗುವುದು ಇಲ್ಲಿ ಏಕಾಗದು ಎಂದು ಕೇಳುವ ಹಕ್ಕು ಬೆಂಗಳೂರಿನ ಗ್ರಾಹಕರಿಗೂ ಇದೆ. ಭಾರತ ಸರ್ಕಾರವು 2022ರ ಡಿಸೆಂಬರ್‌ನಲ್ಲಿ ತೆರೆದ ‘ರೈಟ್ ಟು ರಿಪೇರ್’ ಪೋರ್ಟಲ್‌ನಲ್ಲಿ ಕಂಪನಿಗಳ ದುರಸ್ತಿ ಮಾಹಿತಿ ಹುಡುಕಬಹುದು. ಆದರೆ ಅದು ಮಾಹಿತಿಯ ಜಾಗವೇ ಹೊರತು ಕಂಪನಿಯ ಕೈ ಕಟ್ಟುವ ಕಾನೂನಲ್ಲ.

ಉತ್ತರ ಬಾರದಿದ್ದರೆ 1915ಕ್ಕೆ ಕರೆ ಮಾಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಅವರು ಕೊಡುವ ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಆದರೂ ಎಷ್ಟೋ ದೂರುಗಳು ಕಂಪನಿಯ ಮೇಲಿನವರ ಕಣ್ಣಿಗೆ ಬೀಳುವುದು ಅಲ್ಲಿಂದಲೇ.

ಆಯೋಗದ ಮುಂದೆ

ಕೊನೆಯ ದಾರಿ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ನೀವು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಮಾಡಿಕೊಟ್ಟಿದೆ. ಬೆಂಗಳೂರಿನವರು ಶಾಂತಿನಗರದ ಬಿಎಂಟಿಸಿ ಕಟ್ಟಡಕ್ಕೆ ಹೋಗಬೇಕೆಂದೇನೂ ಇಲ್ಲ, 2025ರ ಜನವರಿಯಲ್ಲಿ ಆರಂಭವಾದ ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ವಸ್ತುವಿಗೆ ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂಬ ಕಡ್ಡಾಯವೂ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷಗಳೊಳಗೆ ಸಲ್ಲಿಸಬೇಕು. ಅಂಗಡಿ, ಸರ್ವಿಸ್ ಸೆಂಟರ್, ತಯಾರಕ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಸೇರಿಸಬೇಕು, ಇಲ್ಲವಾದರೆ ಒಬ್ಬರು ಇನ್ನೊಬ್ಬರತ್ತ ಬೆರಳು ತೋರಿಸಿ ಜಾರಿಕೊಳ್ಳುತ್ತಾರೆ.

ಅಪ್‌ಡೇಟ್‌ಗೂ ಗೆರೆಗೂ ಸಂಬಂಧವಿಲ್ಲ ಎಂದು ಕಂಪನಿ ವಾದಿಸುವುದು ಬಹುತೇಕ ಖಚಿತ. ಹಾಗಾಗಿ, ಪರೀಕ್ಷೆಯಿಲ್ಲದೆ ದೋಷ ತಿಳಿಯದ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಲು ಆಯೋಗಕ್ಕಿರುವ ಅಧಿಕಾರವನ್ನು ಬಳಸಬೇಕೆಂದು ದೂರಿನಲ್ಲೇ ಕೋರಿಕೊಳ್ಳಬೇಕು. ಅಲ್ಲಿಯವರೆಗೆ ಆ ಫೋನನ್ನು ರಿಪೇರಿ ಮಾಡಿಸದೆ, ಮಾರದೆ, ಹೊಸ ಅಪ್‌ಡೇಟ್ ಹಾಕದೆ ಹಾಗೆಯೇ ಕಾದಿಡಬೇಕಾಗುತ್ತದೆ. ಪರೀಕ್ಷೆ ಬೇಡದ ದೂರುಗಳನ್ನು 3 ತಿಂಗಳಲ್ಲಿ, ಬೇಕಾದವನ್ನು 5 ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ನಿಜವಾಗಿ ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದುಂಟು, ಅದಕ್ಕೆ ಮನಸ್ಸನ್ನು ಸಿದ್ಧಮಾಡಿಕೊಂಡೇ ಹೊರಡುವುದು ಒಳ್ಳೆಯದು. ಆದೇಶ ನಿಮ್ಮ ಪರವಾಗಿ ಬಂದ ಮೇಲೂ ಕಂಪನಿ ಮೇಲ್ಮನವಿ ಸಲ್ಲಿಸದೆ, ಹಣವನ್ನೂ ಕೊಡದೆ ಸುಮ್ಮನಿದ್ದರೆ ಅದೇ ಆಯೋಗದಲ್ಲಿ ಜಾರಿ ಅರ್ಜಿ ಹಾಕಬೇಕು. ಆದೇಶ ಪಾಲಿಸದವರಿಗೆ ಒಂದು ತಿಂಗಳಿನಿಂದ ಮೂರು ವರ್ಷದವರೆಗಿನ ಸೆರೆವಾಸ, ಅಥವಾ 25 ಸಾವಿರದಿಂದ 1 ಲಕ್ಷ ರೂಪಾಯಿವರೆಗಿನ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಕಾಯ್ದೆಯ 72ನೇ ಸೆಕ್ಷನ್‌ನಲ್ಲಿ ಅವಕಾಶವಿದೆ.