ಗಿಡ ನೆಡುವ ಮೊದಲು ಮೀಟರ್ ನೋಡಿ: ನಮ್ಮ ಕಾಸರಗೋಡು ಕಡೆಯ ಸಣ್ಣ ಕಾಲೇಜಿಗೆ ಕಾರ್ಬನ್ ಲೆಕ್ಕ

ಜೂನ್ 5, ಪರಿಸರ ದಿನ ಬಂತು ಅಂದ್ರೆ ನಮ್ಮ ಕಾಲೇಜುಗಳಲ್ಲಿ ಆಗುವುದು ಒಂದೇ, ಎನ್‌ಎಸ್‌ಎಸ್ ಮಕ್ಕಳು ಗುಂಡಿ ತೋಡ್ತಾರೆ, ಪ್ರಿನ್ಸಿಪಾಲ್ ಗಿಡ ನೆಡ್ತಾರೆ, ಫೋಟೋ, ಚಾ, ಮುಗೀತು. ಮುಂದಿನ ವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಗಿಡ. ಗಿಡ ಬೇಡ ಅಂತ ಅಲ್ಲ ಮಾರಾಯ್ರೆ, ಆದ್ರೆ ಕಾಲೇಜಿಂದ ಎಷ್ಟು ಹೊಗೆ (ಅಂದ್ರೆ ಇಂಗಾಲದ ಡೈಆಕ್ಸೈಡ್) ಹೋಗ್ತದೆ ಅಂತ ಗೊತ್ತಿಲ್ಲದೆ ಎಂತ ಮಾಡಿದ್ರೂ ಅದು ಫೋಟೋಕ್ಕೆ ಮಾತ್ರ.

ಮೊದ್ಲು ಒಂದು ನೋಟ್‌ಬುಕ್ ತಕೊಳ್ಳಿ. ಒಂದು ವರ್ಷದ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಕರೆಂಟ್ ಬಿಲ್ಲುಗಳನ್ನು ಆಫೀಸಿಂದ ಕೇಳಿ ತನ್ನಿ. ದುಡ್ಡು ಬಿಟ್ಟು ಯೂನಿಟ್ ಮಾತ್ರ ಬರ್ಕೊಳ್ಳಿ, ಯಾಕಂದ್ರೆ ರೇಟ್ ಬದಲಾಗ್ತಾ ಇರ್ತದೆ. ಬಿಲ್ಲಲ್ಲಿ ಮಲಯಾಳ ಇದ್ರೆ ನಮ್ಮ ಕನ್ನಡ ಮೀಡಿಯಂ ಮಕ್ಕಳಿಗೆ ಸ್ವಲ್ಪ ತಲೆನೋವು, ಪಕ್ಕದ ಬೆಂಚಿನವರು ಓದಿ ಹೇಳ್ತಾರೆ ಬಿಡಿ. ಆಮೇಲೆ ಕ್ಯಾಂಟೀನಿಗೆ ಬಂದ ಸಿಲಿಂಡರ್ ಎಷ್ಟು, ಜನರೇಟರಿಗೆ, ಕಾಲೇಜು ಬಸ್ಸಿಗೆ ಡೀಸೆಲ್ ಎಷ್ಟು. ಒಂದು ಯೂನಿಟ್ ಕರೆಂಟಿಗೆ ನಮ್ಮ ದೇಶದ ಗ್ರಿಡ್ಡಲ್ಲಿ ಸಾಧಾರಣ 0.7 ಕೆಜಿ ಇಂಗಾಲದ ಡೈಆಕ್ಸೈಡ್, ಒಂದು ಲೀಟರ್ ಡೀಸೆಲಿಗೆ 2.7, ಪೆಟ್ರೋಲಿಗೆ 2.3, 19 ಕೆಜಿಯ ಹೋಟೆಲ್ ಸಿಲಿಂಡರಿಗೆ 57 ಕೆಜಿ ಹತ್ತಿರ. ಗುಣಿಸಿ ಕೂಡಿಸಿ, ಅಷ್ಟೇ. ಇದಕ್ಕೆ ಕನ್ಸಲ್ಟೆಂಟ್ ಬೇಡ. ಎಲೆಕ್ಟ್ರಿಷಿಯನ್, ಪ್ಲಂಬಿಂಗ್ ಅಂತ ಸರ್ಟಿಫಿಕೇಟ್ ಕೋರ್ಸ್ ಇರುವ ಕಾಲೇಜಾದ್ರೆ ಇದನ್ನೇ ಆ ಮಕ್ಕಳ ಪ್ರಾಜೆಕ್ಟ್ ಮಾಡಿ, ಯಾರೋ ಬರೆದ ರೆಕಾರ್ಡ್ ಕಾಪಿ ಹೊಡೆಯುವುದಕ್ಕಿಂತ ಸಾವಿರ ಪಾಲು ಮೇಲು.

ಎಲ್ರೂ ಬಿಡುವ ಒಂದು ಕಾಲಂ ಉಂಟು, ಅದು ಗೇಟಲ್ಲಿ ಸಿಗ್ತದೆ. ಒಂದು ಸಾಮಾನ್ಯ ದಿನ ಬೆಳಿಗ್ಗೆ ಎರಡು ಜನ ಗೇಟಲ್ಲಿ ನಿಂತು ಯಾರು ಎಂತದ್ರಲ್ಲಿ, ಎಷ್ಟು ದೂರದಿಂದ ಬಂದ್ರು ಅಂತ ಬರೀಲಿ. ಉದಾಹರಣೆಗೆ 150 ಸ್ಕೂಟರು ಬೈಕು, ಹೋಗಿ ಬರುವುದು 20 ಕಿಲೋಮೀಟರ್, ಲೀಟರಿಗೆ 45 ಕಿಲೋಮೀಟರ್ ಕೊಟ್ರೂ ಒಂದು ಗಾಡಿಗೆ ದಿನಕ್ಕೆ 1 ಕೆಜಿ ಹೊಗೆ, ವರ್ಷಕ್ಕೆ 200 ದಿನ ಅಂದ್ರೆ 30 ಟನ್. ಅಂದ್ರೆ ಸಾಧಾರಣ 43 ಸಾವಿರ ಯೂನಿಟ್ ಕರೆಂಟಿನ ಹೊಗೆ, ಎಷ್ಟೋ ಸಣ್ಣ ಕಾಲೇಜಿನ ಇಡೀ ವರ್ಷದ ಬಿಲ್ಲಲ್ಲೂ ಅಷ್ಟಿರುವುದಿಲ್ಲ. ನಾವು ಬಲ್ಬ್ ಆಫ್ ಮಾಡಿ ಅಂತ ಸ್ಟಿಕ್ಕರ್ ಅಂಟಿಸ್ತಾ ಕೂತಿರ್ತೇವೆ.

ನಾನು ಕೆಲಸ ಮಾಡಿದ ಒಂದು ಕಾಲೇಜಲ್ಲಿ ಸಂಜೆ ಕ್ಲಾಸ್ ಬಿಡುವುದು 3:30ಕ್ಕೆ, ಬಸ್ಸು ಹೋಗುವುದು 3:25ಕ್ಕೆ. ಮುಂದಿನ ಬಸ್ಸು 4:40. ಮಕ್ಕಳು ಬ್ಯಾಗ್ ಹಿಡ್ಕೊಂಡು ಇಳಿಜಾರಲ್ಲಿ ಓಡುವುದು, ಮೇಲಿಂದ ಬಸ್ಸಿನ ಬೆನ್ನು ಮಾತ್ರ ಕಾಣುವುದು, ಇದು ದಿನಾ. ಕೊನೆಗೆ ಮನೆಯವರ ಹತ್ರ ಹಟ ಮಾಡಿ ಸ್ಕೂಟರ್ ತೆಗೆಸಿದ ಮಕ್ಕಳನ್ನು ಬೈದು ಎಂತ ಪ್ರಯೋಜನ? ಹಾಗಾಗಿ ಬಸ್ಸಿನ ಟೈಮು ಬರ್ದು ತಂದು ಬೆಲ್ಲಿನ ಟೈಮು ಅದಕ್ಕೆ ಹೊಂದಿಸಿ, ಹತ್ತು ನಿಮಿಷ ಬೇಗ ಶುರು ಮಾಡಿದ್ರೆ ಆಯ್ತು, ಒಂದು ಪೈಸೆ ಖರ್ಚಿಲ್ಲ. ಕನ್ಸೆಷನ್ ಮಕ್ಕಳನ್ನು ಕಂಡ್ರೆ ನಿಲ್ಲಿಸದ ಬಸ್ಸಿನವರಿದ್ರೆ ಪಿಟಿಎಯವರನ್ನು ಕರ್ಕೊಂಡು ಹೋಗಿ ಓನರ್ ಹತ್ರ ಮಾತಾಡಿ, ಮಕ್ಕಳು ಒಬ್ಬೊಬ್ರೇ ಹೋದ್ರೆ ಯಾರೂ ಕೇಳುವುದಿಲ್ಲ.

ಈಗ ಫ್ಯಾನ್. ನಮ್ಮ ಸೆಕೆಗೆ ಫ್ಯಾನ್ ಬಂದ್ ಮಾಡಿ ಅಂತ ಹೇಳ್ಲಿಕ್ಕೆ ಬಾಯಿ ಬರುವುದಿಲ್ಲ. ಹಳೆ ಫ್ಯಾನ್ 75 ವ್ಯಾಟ್, ಕಡಿಮೆ ಕರೆಂಟ್ ತಿನ್ನುವ ಹೊಸ ನಮೂನೆಯ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್ ಆಚೀಚೆ. 120 ಫ್ಯಾನ್ ದಿನಕ್ಕೆ 6 ಗಂಟೆ 200 ದಿನ ತಿರುಗಿದ್ರೆ 10,800 ಯೂನಿಟ್, ಬದಲಿಸಿದ್ರೆ 4,320. ಎಲ್ಲಾ ಒಟ್ಟಿಗೆ ತೆಗೀಬೇಕಂತ ಇಲ್ಲ, ಲೈಬ್ರರಿ, ಆಫೀಸು, ಸ್ಟಾಫ್ ರೂಮು ಹೀಗೆ ಇಡೀ ದಿನ ತಿರುಗುವಲ್ಲಿಂದ ಶುರು ಮಾಡಿ. ಒಂದು ಮಾತು, ರಿಮೋಟ್ ಮಾತ್ರ ಇರುವ ಮಾಡೆಲ್ ಕ್ಲಾಸಿಗೆ ತರ್ಬೇಡಿ, ಎರಡನೇ ವಾರಕ್ಕೆ ರಿಮೋಟ್ ಯಾರ ಬ್ಯಾಗಲ್ಲಿ ಅಂತ ದೇವರಿಗೇ ಗೊತ್ತು, ಗೋಡೆಯ ರೆಗ್ಯುಲೇಟರಲ್ಲಿ ಸ್ಪೀಡ್ ಬದಲಾಗುವಂಥದ್ದು ಕೇಳಿ ತನ್ನಿ. ಕಂಪ್ಯೂಟರ್ ಲ್ಯಾಬಿನ ಎಸಿ 24ಕ್ಕೆ ಇಡಿ, ಒಂದು ಡಿಗ್ರಿ ಏರಿಸಿದ್ರೆ ಸಾಧಾರಣ 6 ಪರ್ಸೆಂಟ್ ಕರೆಂಟ್ ಉಳೀತದೆ.

ಮತ್ತೆ ಪಂಪು. ರಾತ್ರಿ ಟ್ಯಾಂಕಿ ತುಂಬಿ ಗೋಡೆ ಮೇಲೆ ನೀರು ಇಳಿದು ಪಾಚಿ ಕಟ್ಟಿದ ಪಟ್ಟಿ ನಿಮ್ಮ ಕಾಲೇಜಲ್ಲೂ ಇರ್ಬಹುದು, ಹೋಗಿ ನೋಡಿ. ನಮ್ಮಲ್ಲಿ ಅದು ಎರಡನೇ ಮಾಳಿಗೆಯಿಂದ ನೆಲದವರೆಗೆ ಇತ್ತು! 5 ಎಚ್‌ಪಿ ಪಂಪು ಗಂಟೆಗೆ ಹತ್ತಿರ ಹತ್ತಿರ 4 ಯೂನಿಟ್ ತಿನ್ತದೆ, ಅದು ನೀರನ್ನು ಮೇಲೆ ಏರಿಸಿ ಕೆಳಗೆ ಚೆಲ್ಲುವುದಕ್ಕೆ. ಟ್ಯಾಂಕಿ ತುಂಬಿದ ಕೂಡ್ಲೆ ಪಂಪನ್ನು ತಾನೇ ನಿಲ್ಲಿಸುವ ಒಂದು ಫ್ಲೋಟ್ ಸ್ವಿಚ್ ಹಾಕಿದ ಮೇಲೆ ವಾಚ್‌ಮನ್ ಅಣ್ಣನೂ ನೆಮ್ಮದಿಯಲ್ಲಿ ಮಲಗಿದ್ರು.

ಸೋಲಾರ್ ಇದೆಲ್ಲಾ ಆದ ಮೇಲೆ. 1 ಕಿಲೋವ್ಯಾಟಿಗೆ 100 ಚದರ ಅಡಿ ಜಾಗ, ವರ್ಷಕ್ಕೆ 1,300 ಯೂನಿಟ್ ಆಸುಪಾಸು, ಜೂನ್ ಜುಲೈಯಲ್ಲಿ ನಮ್ಮ ಮಳೆಗೆ ತೀರಾ ಕಡಿಮೆ, ಮಾರ್ಚಲ್ಲಿ ಜೋರು. ಮೊದ್ಲು ಖರ್ಚು ಇಳಿಸಿದ್ರೆ ಸಣ್ಣ ಪ್ಲಾಂಟ್ ಸಾಕಾಗ್ತದೆ. ಕೇರಳದಲ್ಲಿ ಸೋಲಾರ್ ಕೆಲಸ ನೋಡುವ ಸರ್ಕಾರಿ ಸಂಸ್ಥೆ ಅನೆರ್ಟ್‌ನವರ ಹತ್ರ, ಕೆಎಸ್‌ಇಬಿ ಸೆಕ್ಷನ್ ಆಫೀಸಲ್ಲಿ ಕೇಳಿ.

ಕ್ಯಾಂಟೀನಿನ ಅನ್ನ, ಗಂಜಿ ತಿಳಿ ಬಯೋಗ್ಯಾಸಿಗೆ ಹೋಗ್ಲಿ, ಲಿಂಬೆ ಸಿಪ್ಪೆ, ಮೊಟ್ಟೆ ಓಡು ಬೇಡ. ಗ್ಯಾಸ್ ಲೀಕ್ ಆಗದ ಹಾಗೆ ನೋಡ್ಕೊಳ್ಳಿ, ಮಿಥೇನ್ ಹಾಗೇ ಗಾಳಿಗೆ ಹೋದ್ರೆ ಇಂಗಾಲದ ಡೈಆಕ್ಸೈಡಿಗಿಂತ 28 ಪಟ್ಟು ಕೆಟ್ಟದ್ದು. ತರಗೆಲೆ ಸುಡ್ಬೇಡಿ, ಹತ್ತಿರದ ತೋಟದವರಿಗೆ ಹೇಳಿದ್ರೆ ಅವರೇ ಗೋಣಿಯಲ್ಲಿ ತುಂಬಿಸಿ ದನದ ಹಟ್ಟಿಗೆ ಹಾಸ್ಲಿಕ್ಕೆ ಕೊಂಡೋಗ್ತಾರೆ. ಫಂಕ್ಷನಿಗೆ ಸ್ಟೀಲ್ ಬಟ್ಟಲು, ಇಲ್ಲದಿದ್ರೆ ಅಡಿಕೆ ಹಾಳೆ ತಟ್ಟೆ.

ಇದು ಹೊಗೆಯ ಕಥೆ. ಆದ್ರೆ ಹವಾಮಾನ ಕೆಟ್ಟದ್ದು ನಮ್ಗೆ ಗೊತ್ತಾಗುವುದು ನೀರಲ್ಲಿ. ವರ್ಷಕ್ಕೆ ಸಾಧಾರಣ 3,500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಏಪ್ರಿಲಲ್ಲಿ ಕಾಲೇಜಿಗೆ ಟ್ಯಾಂಕರ್ ಬರ್ತದೆ. 1 ಚದರ ಮೀಟರಿಗೆ 1 ಮಿಲಿಮೀಟರ್ ಮಳೆ ಅಂದ್ರೆ 1 ಲೀಟರ್. 500 ಚದರ ಮೀಟರ್ ಮಾಡು (ಛಾವಣಿ) ಇದ್ರೆ 17.5 ಲಕ್ಷ ಲೀಟರ್, ಐದರಲ್ಲೊಂದು ಪಾಲು ಹಾಳಾದ್ರೂ 14 ಲಕ್ಷ. ಟೆರೇಸ್ ಮೇಲೆ ಶೀಟ್ ಹಾಕಿದ ಕಟ್ಟಡ ಆದ್ರೆ ಇನ್ನೂ ಸುಲಭ, ಮಾಡಿನ ಅಂಚಿಗೆ ನೀರು ಹಿಡಿಯುವ ದಂಬೆ ಕಟ್ಟಿ ಪೈಪಲ್ಲಿ ಇಳಿಸಿ, ಜಲ್ಲಿ, ಮರಳು, ಇದ್ದಿಲಿನ ಫಿಲ್ಟರ್ ದಾಟಿಸಿ ಬಾವಿಗೆ ಬಿಡಿ. ಮೊದಲ ಎರಡು ಮೂರು ಮಳೆಯ ನೀರು ಹೊರಗೆ ಹೋಗ್ಲಿ, ಅದ್ರಲ್ಲಿ ಹಕ್ಕಿ ಹಿಕ್ಕೆ, ಧೂಳು ಎಲ್ಲಾ ಇರ್ತದೆ. ಇಂಗುಗುಂಡಿ ತೋಡುದಾದ್ರೆ ಮುರಕಲ್ಲು ಕಡಿದು ನಿಲ್ಲಿಸಿದ ದರೆಯ ಅಂಚಲ್ಲಿ ಮಾತ್ರ ಬೇಡ, ನೀರು ಕುಡಿದ ಗುಡ್ಡ ಜರಿದ್ರೆ ಕೆಳಗೆ ಮನೆ ಉಂಟು.

ನಮ್ಮ ಹಿರಿಯರ ಹತ್ರ ಗುಡ್ಡಕ್ಕೆ ಅಡ್ಡ ಕೊರೆದು ನೀರು ತೆಗೆಯುವ ಸುರಂಗ ಇತ್ತು, ಮಳೆನೀರು ನಿಲ್ಲಿಸುವ ಮದಕ ಇತ್ತು, ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕುವುದು ಇತ್ತು, ನಮ್ಮ ಜಿಲ್ಲೆಯ ಏತಡ್ಕ ಹಳ್ಳಿ ಕಡೆ ಈಗಲೂ ಉಂಟು. ಎನ್‌ಎಸ್‌ಎಸ್‌ನ 7 ದಿನದ ಕ್ಯಾಂಪ್ ಹೇಗೂ ಡಿಸೆಂಬರ್ ರಜೆಯಲ್ಲಿ, ಕಟ್ಟ ಹಾಕುವ ಸಮಯವೂ ಹೆಚ್ಚು ಕಡಿಮೆ ಅದೇ. ಕಟ್ಟ ಗೊತ್ತಿರುವ ಒಬ್ರು ಅಜ್ಜನನ್ನು ಕರೀರಿ, ಕೆಳಗಿನ ತೋಟದವರ ಒಪ್ಪಿಗೆ ಕೇಳಿ, ಮಳೆಗಾಲದ ಮೊದಲು ಬಿಡಿಸುವುದು ಯಾರು ಅಂತ ಅವತ್ತೇ ಬರ್ದಿಡಿ. ಪ್ಲಾಸ್ಟಿಕ್ ಗೋಣಿಯಲ್ಲಿ ಮರಳು ತುಂಬಿಸಿದ್ರೆ ಅದನ್ನು ವಾಪಸ್ ತೆಗೀಬೇಕು, ಇಲ್ಲದಿದ್ರೆ ಜೂನಲ್ಲಿ ಹೊಳೆಗೆ ಹೋಗ್ತದೆ.

ಮತ್ತೆ ಕಾಲೇಜು ಪದವಿನಲ್ಲಿ, ಅಂದ್ರೆ ಗುಡ್ಡದ ಮೇಲಿನ ಬಯಲಲ್ಲಿ ಇದ್ರೆ, ಪಾರೆ ಕಲ್ಲನ್ನು ಬೋಳು ಜಾಗ ಅಂತ ಒಡೆದು ಅಕೇಶಿಯಾ ನೆಡ್ಬೇಡಿ ದಯವಿಟ್ಟು. ಮಳೆಗಾಲದಲ್ಲಿ ಅಲ್ಲಿ ಹುಲ್ಲು, ಸಣ್ಣ ಸಣ್ಣ ಹೂ, ನೀರು ನಿಂತ ಪಳ್ಳ ಎಲ್ಲಾ ಇರ್ತದೆ. ನೆರಳು ಬೇಕಾದ್ದು ಕ್ಲಾಸಿನ ಪಡುವಣ ಗೋಡೆಗೆ, ಬಸ್‌ಸ್ಟಾಪಿಗೆ, ಅಲ್ಲಿ ಹೊಂಗೆ, ಮಾವು, ಹಲಸು ನೆಡಿ. ಸೆಕೆಗಾಲದಲ್ಲಿ ಕೇರಳದ ಶಾಲೆಗಳ ವಾಟರ್ ಬೆಲ್ (ನೀರು ಕುಡೀಲಿಕ್ಕೆ ನೆನಪಿಸುವ ಬೆಲ್) ಕಾಲೇಜಿಗೂ ತರ್ಬಹುದು, ನಾಚಿಕೆ ಏನಿಲ್ಲ.

ಕೊನೆಗೆ ಬಾವಿ. ಒಂದು ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ, ಪ್ರತಿ ತಿಂಗಳ 1ನೇ ತಾರೀಕು ಬೆಳಿಗ್ಗೆ ಪಂಪು ಹಾಕುವ ಮೊದಲು ಇಳಿಸಿ, ನೀರು ಎಷ್ಟು ಕೆಳಗುಂಟು ಅಂತ ಬಾವಿಕಟ್ಟೆಯಲ್ಲಿ ಪೈಂಟಲ್ಲಿ ಬರೀರಿ. ಅದೇ ದಿನ ಕರೆಂಟ್ ಮೀಟರಿನ ರೀಡಿಂಗೂ ಅದ್ರ ಪಕ್ಕದಲ್ಲಿ.