ಎದುರುಬದುರು ಕನ್ನಡಿಗಳಲ್ಲಿ ಪ್ರತಿಬಿಂಬಗಳೆಷ್ಟು? ಮನೆಯಲ್ಲೇ ಎಣಿಸುವ ವಿಧಾನ

ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಲ್ಲಿರುವಂತಹ ಯಾವುದೇ ಸಲೂನಿನಲ್ಲಿ ಮುಂದಿನ ಗೋಡೆಗೂ ಹಿಂದಿನ ಗೋಡೆಗೂ ಕನ್ನಡಿ ಹಾಕಿಸಿದ್ದರೆ, ಕುರ್ಚಿಯಲ್ಲಿ ಕುಳಿತವರಿಗೆ ತಮ್ಮ ಮುಖ, ಅದರ ಹಿಂದೆ ತಮ್ಮದೇ ಬೆನ್ನು, ಮತ್ತೆ ಮುಖ, ಮತ್ತೆ ಬೆನ್ನು ಹೀಗೆ ಒಂದು ಸಾಲು ಒಳಗೊಳಗೇ ಸರಿದು ಹೋಗುವುದು ಕಾಣಿಸುತ್ತದೆ. ಆ ಸಾಲಿಗೆ ಕೊನೆ ಇದೆಯೇ ಎಂದು ಮಕ್ಕಳು ಕೇಳಿದರೆ ನಾವು ಸಾಮಾನ್ಯವಾಗಿ ಪಠ್ಯದ ಸೂತ್ರದತ್ತ ಕೈ ತೋರಿಸುತ್ತೇವೆ. ಎರಡು ಕನ್ನಡಿಗಳ ನಡುವಿನ ಕೋನದಿಂದ 360ನ್ನು ಭಾಗಿಸಿ, ಬಂದದ್ದರಲ್ಲಿ 1 ಕಳೆದರೆ ಪ್ರತಿಬಿಂಬಗಳ ಸಂಖ್ಯೆ ಸಿಗುತ್ತದೆ. 90 ಡಿಗ್ರಿಗೆ 3, 60 ಡಿಗ್ರಿಗೆ 5, ಕನ್ನಡಿಗಳು ಸಮಾಂತರವಾದಾಗ ಕೋನ ಸೊನ್ನೆಯಾಗುವುದರಿಂದ ಸಂಖ್ಯೆ ಅನಂತ. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಪೂರ್ಣ ಅಂಕ ಸಿಗುತ್ತದೆ. ಆದರೆ ಅದು ರೇಖಾಗಣಿತ ಕೊಡುವ ಉತ್ತರ. ಗಾಜಿನ ಅಂಗಡಿಯಿಂದ ತಂದ ಕನ್ನಡಿ ಕೊಡುವ ಉತ್ತರ ಬೇರೆ, ಮತ್ತು ಅದನ್ನು ಎಣಿಸಿ ಪಡೆಯಬಹುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದ, ಯಾವ ಹೇಳಿಕೆಯನ್ನೂ ಪರೀಕ್ಷಿಸದೆ ಒಪ್ಪಬಾರದೆಂದು ಬದುಕಿನುದ್ದಕ್ಕೂ ಸಾರಿದ ಎಚ್. ನರಸಿಂಹಯ್ಯನವರ ಜಿಲ್ಲೆಯಲ್ಲಿ, ಶಾಲಾ ವಿಜ್ಞಾನ ವಸ್ತುಪ್ರದರ್ಶನಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಕಷ್ಟ ಎಂದು ನನಗನ್ನಿಸುತ್ತದೆ.

ಬೇಕಾಗುವ ಸಾಮಗ್ರಿ

ಒಂದು ಅಡಿ ಅಗಲ, ಒಂದೂವರೆ ಅಡಿ ಎತ್ತರದ, 4 ಮಿ.ಮೀ. ದಪ್ಪದ ಎರಡು ಕನ್ನಡಿ ತುಂಡುಗಳು ಸಾಕು. ಅಂಚುಗಳನ್ನು ಅಂಗಡಿಯಲ್ಲೇ ಉಜ್ಜಿಸಿಕೊಳ್ಳಿ. ಇವಲ್ಲದೆ ನಿಲ್ಲಿಸಲು ಎರಡು ಮರದ ಚೌಕಟ್ಟು, ಮೂಲೆಮಟ್ಟ, ರಸಮಟ್ಟ, ಅಳತೆಪಟ್ಟಿ, ಮೇಣದಬತ್ತಿ, ಬಿಳಿ ಕಾಗದ, ಟಾರ್ಚ್ ಮತ್ತು ಒಂದು ಮೊಬೈಲ್ ಫೋನ್ ಇರಲಿ. ಲೇಸರ್ ಟಾರ್ಚನ್ನು ಮಾತ್ರ ಬಳಸಬೇಡಿ. ಎರಡು ಕನ್ನಡಿಗಳ ನಡುವೆ ಅದರ ಕಿರಣ ಎತ್ತ ತಿರುಗಿ ಯಾರ ಕಣ್ಣಿಗೆ ಬೀಳುತ್ತದೆಂದು ಮೊದಲೇ ಊಹಿಸಲಾಗದು.

ಮೊದಲ ಕೆಲಸ: ಕನ್ನಡಿ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆಂದು ತಿಳಿಯುವುದು

ಯಾವ ಕನ್ನಡಿಯೂ ತನ್ನ ಮೇಲೆ ಬಿದ್ದ ಬೆಳಕನ್ನೆಲ್ಲ ಮರಳಿಸುವುದಿಲ್ಲ. ಮನೆಬಳಕೆಯ ಕನ್ನಡಿಗಳು ಹೆಚ್ಚುಕಡಿಮೆ ಶೇ 80ರಿಂದ 95ರಷ್ಟನ್ನು ಹಿಂದಕ್ಕೆ ಕಳಿಸುತ್ತವೆ. ಉಳಿದದ್ದನ್ನು ಹಿಂಬದಿಯ ಲೋಹದ ಲೇಪವೂ ಗಾಜೂ ಹೀರಿಕೊಳ್ಳುತ್ತವೆ. ನಿಮ್ಮ ಕನ್ನಡಿಯ ಪ್ರಮಾಣವನ್ನು ತಿಳಿಯಲು ಫೋನಿನಲ್ಲಿ ಬೆಳಕಿನ ಪ್ರಮಾಣವನ್ನು ಲಕ್ಸ್‌ಗಳಲ್ಲಿ ತೋರಿಸುವ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಫೋನಿನಿಂದ ಸರಿಯಾಗಿ 1 ಮೀಟರ್ ದೂರದಲ್ಲಿಟ್ಟು ನೇರವಾಗಿ ಬೆಳಕು ಬಿಟ್ಟು ಅಂಕಿಯನ್ನು ಬರೆದುಕೊಳ್ಳಿ. ಬಳಿಕ ಟಾರ್ಚಿನಿಂದ ಕನ್ನಡಿಗೆ 50 ಸೆಂ.ಮೀ., ಕನ್ನಡಿಯಿಂದ ಫೋನಿಗೆ 50 ಸೆಂ.ಮೀ. ಆಗುವಂತೆ ಜೋಡಿಸಿ, ನೇರ ಬೆಳಕು ಫೋನಿಗೆ ತಾಗದಂತೆ ನಡುವೆ ರಟ್ಟು ಹಿಡಿದು, ಮತ್ತೊಮ್ಮೆ ಅಳೆಯಿರಿ. ಬೆಳಕು ಸಾಗುವ ಒಟ್ಟು ದೂರ ಎರಡು ಸಲವೂ ಒಂದೇ ಆಗಿರುವುದರಿಂದ, ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿದರೆ ಕನ್ನಡಿಯ ಪ್ರತಿಫಲನ ಪ್ರಮಾಣ ಸಿಗುತ್ತದೆ. ಅದು ಶೇ 90 ಬಂತೆಂದು ಇಟ್ಟುಕೊಂಡು ಮುಂದಿನ ಲೆಕ್ಕ ಮಾಡೋಣ.

ಚಕ್ರಬಡ್ಡಿಯಲ್ಲಿ ಸಾಲ ಏರುವ ಲೆಕ್ಕವೇ ಇಲ್ಲಿ ಇಳಿಕೆಯಾಗಿ ನಡೆಯುತ್ತದೆ. ಪ್ರತಿ ಸಲ ಹತ್ತರಲ್ಲಿ ಒಂದು ಪಾಲು ಕಳೆದುಹೋಗುತ್ತ ಹೋದರೆ, ಹತ್ತನೆಯ ಪ್ರತಿಬಿಂಬಕ್ಕೆ ಶೇ 35ರಷ್ಟು ಬೆಳಕು ಉಳಿದಿರುತ್ತದೆ, ಇಪ್ಪತ್ತನೆಯದಕ್ಕೆ ಶೇ 12, ನಲವತ್ತನಾಲ್ಕನೆಯದಕ್ಕೆ ಶೇ 1. ನೂರನೆಯ ಪ್ರತಿಬಿಂಬವನ್ನು ತಲುಪುವ ವೇಳೆಗೆ ಹೊರಟ ಬೆಳಕಿನ ಸುಮಾರು 37 ಸಾವಿರ ಪಾಲುಗಳಲ್ಲಿ ಒಂದೇ ಪಾಲು ಉಳಿಯುತ್ತದೆ. ಕನ್ನಡಿ ಶೇ 80ರದ್ದಾದರೆ ಇಪ್ಪತ್ತೊಂದನೆಯ ಪ್ರತಿಬಿಂಬದಲ್ಲೇ ಬೆಳಕು ಶೇ 1ಕ್ಕಿಂತ ಕೆಳಗಿಳಿಯುತ್ತದೆ. ಪ್ರತಿಬಿಂಬ ದೂರವಾದಂತೆ ಮಂಕಾಗುವುದು ದೂರದಿಂದಲೇ ಎಂದು ಹಲವರು ತಿಳಿಯುತ್ತಾರೆ. ದೂರ ಅದನ್ನು ಚಿಕ್ಕದಾಗಿಸುತ್ತದೆ ಅಷ್ಟೇ, ಮಂಕಾಗಿಸುವುದು ಈ ಸೋರಿಕೆ.

ಎರಡನೆಯ ಕೆಲಸ: ಜೋಡಿಸಿ ಎಣಿಸುವುದು

ಗಟ್ಟಿಯಾದ ಮೇಜಿನ ಮೇಲೆ ಎರಡೂ ಕನ್ನಡಿಗಳನ್ನು 30 ಸೆಂ.ಮೀ. ಅಂತರದಲ್ಲಿ ಮುಖಾಮುಖಿಯಾಗಿ ನಿಲ್ಲಿಸಿ. ಮೂಲೆಮಟ್ಟದಿಂದ ಅವು ಮೇಜಿಗೆ ನೆಟ್ಟಗಿವೆಯೇ ಎಂದೂ, ಅಳತೆಪಟ್ಟಿಯಿಂದ ನಾಲ್ಕೂ ಮೂಲೆಗಳಲ್ಲಿ ಅಂತರ ಒಂದೇ ಇದೆಯೇ ಎಂದೂ ನೋಡಿ. ಮೇಣದಬತ್ತಿಯನ್ನು ಒಂದು ಕನ್ನಡಿಯಿಂದ 10 ಸೆಂ.ಮೀ., ಇನ್ನೊಂದರಿಂದ 20 ಸೆಂ.ಮೀ. ದೂರದಲ್ಲಿಡಿ. ಇದನ್ನು ನಡುಮಧ್ಯದಲ್ಲಿ ಇಡದಿರುವುದಕ್ಕೆ ಕಾರಣವಿದೆ: ಹತ್ತಿರದ ಕನ್ನಡಿಯೊಳಗೆ ಪ್ರತಿಬಿಂಬಗಳು ಅದರ ಮೇಲ್ಮೈಯಿಂದ 10, 50, 70, 110, 130 ಸೆಂ.ಮೀ. ಹಿಂದೆ ಹೀಗೆ ಜೋಡಿ ಜೋಡಿಯಾಗಿ ಕಾಣುತ್ತವೆ, ಮೊದಲನೆಯದೊಂದನ್ನು ಬಿಟ್ಟು ಉಳಿದವನ್ನು ಎರಡೆರಡಾಗಿ ಎಣಿಸಿದರೆ ಲೆಕ್ಕ ತಪ್ಪುವುದಿಲ್ಲ. ಎಷ್ಟನೆಯ ಪ್ರತಿಬಿಂಬವೋ ಅಷ್ಟು ಸಲ ಬೆಳಕು ಕನ್ನಡಿಗೆ ಬಡಿದಿದೆ ಎಂದರ್ಥ. ಬೆಸ ಸಂಖ್ಯೆಯವು ಎಡಬಲ ಅದಲುಬದಲಾದ ಬಿಂಬಗಳು, ಸಮ ಸಂಖ್ಯೆಯವು ಎರಡು ಸಲ ಅದಲುಬದಲಾಗಿ ಸರಿಯಾದವು. ಬೆನ್ನಿಗೆ ಒಂದು ಕನ್ನಡ ಪದ ಬರೆದ ಚೀಟಿ ಅಂಟಿಸಿಕೊಂಡು ದೊಡ್ಡ ಕನ್ನಡಿಗಳ ನಡುವೆ ನಿಂತರೆ, ಎರಡನೆಯ ಪ್ರತಿಬಿಂಬದಲ್ಲಿ ಅದನ್ನು ನೇರವಾಗಿಯೇ ಓದಬಹುದು.

ಎಣಿಕೆಯನ್ನು ರಾತ್ರಿ, ದೀಪಗಳನ್ನೆಲ್ಲ ಆರಿಸಿ ಮಾಡಿ. ಕನ್ನಡಿಯ ಮೇಲಂಚಿನಿಂದ ಇಣುಕಿ ಎಣಿಸಿದ ಸಂಖ್ಯೆಯನ್ನು ಬರೆದುಕೊಂಡ ಮೇಲೆ, ಅದೇ ಜಾಗದಲ್ಲಿ ಫೋನನ್ನು ಅಲುಗಾಡದಂತೆ ಊರಿ, ಕೆಲವು ಸೆಕೆಂಡುಗಳ ಕಾಲ ಬೆಳಕನ್ನು ಸಂಗ್ರಹಿಸುವ ನೈಟ್ ಮೋಡ್‌ನಲ್ಲಿ ಚಿತ್ರ ತೆಗೆಯಿರಿ. ಕಣ್ಣಿಗೆ ಸಾಲು ಮಂಕಾಗಿ ಮುಗಿದಂತೆ ಕಂಡಿದ್ದ ಕಡೆಯೂ ಚಿತ್ರದಲ್ಲಿ ಇನ್ನಷ್ಟು ಜ್ವಾಲೆಗಳು ಮೂಡಿರಬಹುದು. ಹಾಗೆ ಮೂಡಿದರೆ, ಅಲ್ಲಿ ಬೆಳಕು ಇತ್ತು, ಕಣ್ಣಿಗೆ ಸಾಲದಷ್ಟಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಜ್ವಾಲೆಯ ಬದಲು ಬಿಳಿ ಕಾಗದವನ್ನು ನಿಲ್ಲಿಸಿ ಟಾರ್ಚಿನಿಂದ ಬೆಳಗಿಸಿದರೆ ಇನ್ನೊಂದು ಸಂಗತಿ ಗೊತ್ತಾಗುತ್ತದೆ: ಕಾಗದ ಆಳಕ್ಕೆ ಹೋದಂತೆ ಹಸಿರಾಗುತ್ತದೆ. ಸಾಮಾನ್ಯ ಗಾಜಿನಲ್ಲಿ ಅತ್ಯಲ್ಪ ಪ್ರಮಾಣದ ಕಬ್ಬಿಣದ ಅಂಶವಿರುತ್ತದೆ; ಅದು ಕೆಂಪು ಮತ್ತು ನೀಲಿಗಿಂತ ಹಸಿರು ಬೆಳಕನ್ನು ಸಲೀಸಾಗಿ ಹೋಗಗೊಡುತ್ತದೆ. ಲೇಪ ಗಾಜಿನ ಹಿಂಬದಿಯಲ್ಲಿರುವುದರಿಂದ ಪ್ರತಿ ಪ್ರತಿಫಲನದಲ್ಲೂ ಬೆಳಕು 4 ಮಿ.ಮೀ. ಗಾಜನ್ನು ಎರಡು ಸಲ ದಾಟಬೇಕು. ಐವತ್ತನೆಯ ಪ್ರತಿಬಿಂಬವೆಂದರೆ 40 ಸೆಂ.ಮೀ. ದಪ್ಪದ ಗಾಜಿನ ಮೂಲಕ ನೋಡಿದಂತೆ. ರೇಮಂಡ್ ಲೀ ಮತ್ತು ಹಾವಿಯೆರ್ ಹೆರ್ನಾಂಡೆಸ್-ಆಂಡ್ರೆಸ್ ಎಂಬ ಸಂಶೋಧಕರು ಸಾಮಾನ್ಯ ಕನ್ನಡಿಗಳ ಈ ಹಸಿರು ಸುರಂಗವನ್ನೇ ಅಳೆದು 2004ರಲ್ಲಿ ಅಮೆರಿಕದ ಭೌತವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ.

ಮೂರನೆಯ ಕೆಲಸ: ಓರೆ ಮತ್ತು ಅಡ್ಡಿಗಳನ್ನು ಗಮನಿಸುವುದು

ಬೆಳಕಿನ ಸೋರಿಕೆಯ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ, ಜೋಡಣೆಯ ಬಗ್ಗೆ ಹೇಳುವವರು ಕಡಿಮೆ. ಮೇಜಿನ ಮೇಲಿನ ಪ್ರಯೋಗದಲ್ಲಿ ಬಹುಪಾಲು ಪ್ರತಿಬಿಂಬಗಳನ್ನು ಕಸಿದುಕೊಳ್ಳುವುದು ಜೋಡಣೆಯೇ. ಕನ್ನಡಿಗಳ ನಡುವೆ ಒಂದು ಡಿಗ್ರಿ ಓರೆ ಇದ್ದರೂ ಸೂತ್ರದ ಪ್ರಕಾರವೇ ಪ್ರತಿಬಿಂಬಗಳು 359ಕ್ಕೆ ನಿಲ್ಲುತ್ತವೆ, ಏಕೆಂದರೆ ಅವು ನೇರ ಸಾಲಿನಲ್ಲಿ ಇರದೆ ದೊಡ್ಡದೊಂದು ವೃತ್ತದ ಮೇಲೆ ಬಾಗಿ ಕೂರುತ್ತವೆ. ಅಷ್ಟೂ ಕಾಣಬೇಕಾದರೆ ಕನ್ನಡಿ ಬಹಳ ಅಗಲವಿರಬೇಕು. ನಮ್ಮ ಕನ್ನಡಿ ಒಂದು ಅಡಿಯದು. ಅದರ ಅಗಲದುದ್ದಕ್ಕೂ ಅಂತರದಲ್ಲಿ ಎರಡೂವರೆ ಮಿ.ಮೀ.ಗಿಂತ ತುಸು ಹೆಚ್ಚು, ಅಂದರೆ ಅರ್ಧ ಡಿಗ್ರಿಯಷ್ಟು ವ್ಯತ್ಯಾಸವಿದ್ದರೆ, ಮಧ್ಯದಿಂದ ನೆಟ್ಟಗೆ ಹೊರಟ ಕಿರಣ ಪ್ರತಿ ಬಡಿತಕ್ಕೂ ಇನ್ನಷ್ಟು ಪಕ್ಕಕ್ಕೆ ಸರಿಯುತ್ತ ಸುಮಾರು ಹನ್ನೊಂದನೆಯ ಬಡಿತಕ್ಕೆ ಕನ್ನಡಿಯ ಅಂಚು ದಾಟಿಬಿಡುತ್ತದೆ. ವ್ಯತ್ಯಾಸವನ್ನು ಅರ್ಧ ಮಿ.ಮೀ.ಗೆ ಇಳಿಸಿದರೂ ಇಪ್ಪತ್ನಾಲ್ಕರ ಹೊತ್ತಿಗೆ ಅದು ಹೊರಬೀಳುತ್ತದೆ. ಆದ್ದರಿಂದ ಚೌಕಟ್ಟಿನ ಕೆಳಗೆ ಕಾಗದದ ಮಡಿಕೆಗಳನ್ನು ಒಂದೊಂದಾಗಿ ತೂರಿಸುತ್ತ, ಜ್ವಾಲೆಗಳ ಸಾಲು ಯಾವ ಕಡೆಗೆ ಬಾಗುತ್ತಿದೆಯೆಂದು ನೋಡಿ ನೇರಗೊಳಿಸುವ ಕೆಲಸಕ್ಕೆ ಸಾಕಷ್ಟು ಸಮಯ ಕೊಡಿ. ಪ್ರಯೋಗದ ಫಲ ನಿಂತಿರುವುದು ಈ ತಾಳ್ಮೆಯ ಮೇಲೆ.

ಕನ್ನಡಿಗಳು ಚೆನ್ನಾಗಿ ಸಮಾಂತರವಾದಂತೆ ಮತ್ತೊಂದು ಅಡ್ಡಿ ಎದುರಾಗುತ್ತದೆ. ಸಾಲು ಹೋಗಿ ಸೇರುವ ಬಿಂದು ನೋಡುವವರ ಕಣ್ಣಿಗೆ ಸರಿಯಾಗಿ ಎದುರಿಗೇ ಬರುವುದರಿಂದ, ನೋಡುವವರ ತಲೆಯೇ ಅದನ್ನು ಮುಚ್ಚುತ್ತದೆ. ಇದಕ್ಕೆ ಪರಿಹಾರವಾಗಿ ಒಂದು ಕನ್ನಡಿಯ ಹಿಂಬದಿಯ ಬಣ್ಣ ಮತ್ತು ಲೇಪವನ್ನು ನಡುವಿನಲ್ಲಿ 5 ಮಿ.ಮೀ. ವ್ಯಾಸದಷ್ಟು ಬ್ಲೇಡಿನಿಂದ ಕೆರೆದು ತೆಗೆದು, ಹಿಂದಿನಿಂದ ಆ ಕಿಂಡಿಯ ಮೂಲಕ ನೋಡಬೇಕು. ಕೆರೆಯುವ ಕೆಲಸವನ್ನು ದೊಡ್ಡವರು ಮಾಡಲಿ. ಮೇಣದಬತ್ತಿಯನ್ನು ಎದುರಿನ ಕನ್ನಡಿಯ ಕಡೆಗೆ 10 ಸೆಂ.ಮೀ. ದೂರದಲ್ಲಿ, ನೋಟದ ರೇಖೆಯಿಂದ 5 ಸೆಂ.ಮೀ. ಪಕ್ಕಕ್ಕೆ ಇಡಿ. ಹೀಗೆ ಮಾಡಿದರೂ ಕಿಂಡಿಗೆ ತನ್ನದೇ ಮಿತಿ ಇದೆ. ಆಳದ ಪ್ರತಿಬಿಂಬದಿಂದ ಬರುವ ಕಿರಣ ಕಿಂಡಿಯ ಪಕ್ಕದ ಕನ್ನಡಿಗೆ ಬಡಿದು ಬರಬೇಕು. ಪ್ರತಿಬಿಂಬ ಆಳವಾದಷ್ಟೂ ಆ ಬಡಿತದ ಜಾಗ ಕಿಂಡಿಗೆ ಹತ್ತಿರವಾಗಿ, ಸುಮಾರು ನಲವತ್ತನೆಯದರ ಹೊತ್ತಿಗೆ ಲೇಪವಿಲ್ಲದ ಜಾಗಕ್ಕೇ ಬಂದು ಬೀಳುತ್ತದೆ. ಕಿಂಡಿಯನ್ನು 2 ಮಿ.ಮೀ.ಗೆ ಕಿರಿದಾಗಿಸಿದರೆ ಈ ಮಿತಿ ನೂರರ ಆಸುಪಾಸಿಗೆ ಏರುತ್ತದೆ, ಆದರೆ ಆ ವೇಳೆಗೆ ಬೆಳಕೇ ತೀರಿರುತ್ತದೆ.

ಕನ್ನಡಿ ಉತ್ತಮವಾದರೆ?

ಬೆಳಕು ಫೋಟಾನ್ ಎಂಬ ಬಿಡಿ ಬಿಡಿ ಕಣಗಳಾಗಿ ಬರುತ್ತದೆ. 1 ವ್ಯಾಟ್ ಹಸಿರು ಬೆಳಕಿನಲ್ಲಿ ಸೆಕೆಂಡಿಗೆ 1ರ ಮುಂದೆ 18 ಸೊನ್ನೆ ಬರೆದದ್ದಕ್ಕಿಂತಲೂ ಹೆಚ್ಚು ಫೋಟಾನ್‌ಗಳಿರುತ್ತವೆ. ಅಷ್ಟು ಫೋಟಾನ್‌ಗಳನ್ನು ಶೇ 90ರ ಕನ್ನಡಿಗಳ ನಡುವೆ ಬಿಟ್ಟರೆ ಸುಮಾರು 393 ಪ್ರತಿಫಲನಗಳ ಬಳಿಕ ಸರಾಸರಿ ಒಂದೇ ಒಂದು ಉಳಿಯುತ್ತದೆ, ಮತ್ತು ಅದಕ್ಕೆ ತಗಲುವ ಕಾಲ ಒಂದು ಸೆಕೆಂಡಿನ 10 ಲಕ್ಷ ಭಾಗಗಳಲ್ಲಿ ಅರ್ಧ ಭಾಗಕ್ಕಿಂತ ಕಡಿಮೆ. ದೀಪವನ್ನು ಒಂದು ಗಂಟೆಯ ಕಾಲ ಉರಿಸಿ, ಅಷ್ಟೂ ಹೊತ್ತು ಬಂದ ಬೆಳಕನ್ನು ಕೂಡಿಸಿದರೂ ಈ ಸಂಖ್ಯೆಗೆ ಇನ್ನೊಂದು 78 ಸೇರುತ್ತದೆ, ಅಷ್ಟೇ. ಅನಂತದ ಮಾತು ನನ್ನ ದೃಷ್ಟಿಯಲ್ಲಿ ಇಲ್ಲಿಗೇ ಮುಗಿಯುತ್ತದೆ: ಹಂಚಲು ಕಣಗಳೇ ಇಲ್ಲದ ಮೇಲೆ ಮುಂದಿನ ಪ್ರತಿಬಿಂಬವೆಂಬುದು ಕಾಗದದ ಮೇಲಿನ ಗೆರೆಯಾಗಿ ಮಾತ್ರ ಉಳಿಯುತ್ತದೆ.

ಪ್ರಯೋಗಾಲಯಗಳಲ್ಲಿ ಶೇ 99.999ರಷ್ಟು ಬೆಳಕನ್ನು ಮರಳಿಸುವ ಕನ್ನಡಿಗಳಿವೆ. ಕೋಲಾರದ ಚಿನ್ನದ ಗಣಿಗಳು 3 ಕಿ.ಮೀ.ಗೂ ಹೆಚ್ಚು ಆಳಕ್ಕೆ ಇಳಿದಿವೆಯಷ್ಟೆ. ನಮ್ಮ 30 ಸೆಂ.ಮೀ. ಅಂತರದ ಜೋಡಣೆಯಲ್ಲಿ ಅಷ್ಟು ದೂರದಲ್ಲಿ ಕಾಣಬೇಕಾದ ಪ್ರತಿಬಿಂಬ ಹತ್ತುಸಾವಿರನೆಯದು. ಅಂಗಡಿಯ ಕನ್ನಡಿಯಲ್ಲಿ ಅದಕ್ಕೆ ಒಂದು ಫೋಟಾನ್ ಕೂಡ ದಕ್ಕುವುದಿಲ್ಲ, ಪ್ರಯೋಗಾಲಯದ ಕನ್ನಡಿಯಲ್ಲಾದರೋ ಶೇ 90ರಷ್ಟು ಬೆಳಕು ಇನ್ನೂ ಉಳಿದಿರುತ್ತದೆ. 2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಮೊದಲ ಬಾರಿಗೆ ಗುರುತಿಸಿದ ಅಮೆರಿಕದ ಲೈಗೋ ಉಪಕರಣದಲ್ಲಿ ಬೆಳಕು 4 ಕಿ.ಮೀ. ಉದ್ದದ ತೋಳಿನಲ್ಲಿ ಎದುರುಬದುರು ಕನ್ನಡಿಗಳ ನಡುವೆ ಸುಮಾರು 300 ಸಲ ಓಡಾಡುತ್ತದೆ. 2012ರಲ್ಲಿ ನೊಬೆಲ್ ಪಡೆದ ಫ್ರಾನ್ಸಿನ ಸೆರ್ಜ್ ಆರೋಶ್ ಅವರ ತಂಡ ಇನ್ನೂ ಮುಂದೆ ಹೋಯಿತು. ಅತಿಶೀತದಲ್ಲಿಟ್ಟ ನಿಯೋಬಿಯಂ ಲೋಹದ ಕನ್ನಡಿಗಳ ನಡುವಿನ ಸುಮಾರು 3 ಸೆಂ.ಮೀ. ಜಾಗದಲ್ಲಿ ಒಂದು ಮೈಕ್ರೋವೇವ್ ಫೋಟಾನ್ 0.13 ಸೆಕೆಂಡ್‌ನಷ್ಟು ಕಾಲ ಉಳಿಯಿತು. ಆ ಅವಧಿಯಲ್ಲಿ ಅದು 100 ಕೋಟಿಗೂ ಹೆಚ್ಚು ಸಲ ಬಡಿದು, ಭೂಮಿಯ ಸುತ್ತಳತೆಯಷ್ಟು, ಅಂದರೆ ಸುಮಾರು 40 ಸಾವಿರ ಕಿ.ಮೀ. ಸಾಗಿತ್ತು. ಕೊನೆಗೆ ಅದೂ ಕರಗಿಹೋಯಿತು.

ಏನನ್ನೂ ಹೀರದ, ಕೂದಲೆಳೆಯಷ್ಟೂ ಓರೆಯಿಲ್ಲದ ಕನ್ನಡಿ ಇದೆಯೆಂದೇ ಊಹಿಸಿದರೂ ಕಾಲದ ಅಡ್ಡಿ ಉಳಿಯುತ್ತದೆ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಸಾಗುವುದರಿಂದ 30 ಸೆಂ.ಮೀ. ಅಂತರದಲ್ಲಿ ಒಂದು ಸೆಕೆಂಡಿಗೆ ಸುಮಾರು 100 ಕೋಟಿ ಪ್ರತಿಫಲನಗಳಾಗುತ್ತವೆ. ವಿಶ್ವದ ವಯಸ್ಸಾದ 1380 ಕೋಟಿ ವರ್ಷ ಕಾದರೂ ಸಿಗುವುದು ಬರೆದು ಮುಗಿಸಬಹುದಾದ ಒಂದು ಸಂಖ್ಯೆಯೇ.

ವಸ್ತುಪ್ರದರ್ಶನದ ಫಲಕದಲ್ಲಿ

ಫಲಕದಲ್ಲಿ ಸೂತ್ರವನ್ನು ಬರೆಯುವಾಗ "ಆದರ್ಶ ಕನ್ನಡಿಗಳಿಗೆ ಮಾತ್ರ" ಎಂದು ಸೇರಿಸಿ. ಅದರ ಕೆಳಗೆ ಕನ್ನಡಿಯ ಪ್ರತಿಫಲನ ಪ್ರಮಾಣ, ಅಂತರ, ನಾಲ್ಕು ಮೂಲೆಗಳ ಅಳತೆ, ಕಣ್ಣಿನಿಂದ ಎಣಿಸಿದ ಸಂಖ್ಯೆ, ಚಿತ್ರದಲ್ಲಿ ಎಣಿಸಿದ ಸಂಖ್ಯೆ ಇವನ್ನು ಒಂದರ ಪಕ್ಕ ಒಂದು ಬರೆಯಿರಿ. ಇಬ್ಬರು ಮೂವರು ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಎಣಿಸಿ, ಸಂಖ್ಯೆಗಳು ಹೊಂದದಿದ್ದರೆ ಎಲ್ಲವನ್ನೂ ಹಾಗೆಯೇ ದಾಖಲಿಸಲಿ. ನೋಡಲು ಬಂದವರ ಕೈಗೆ ಕಾಗದದ ಮಡಿಕೆಯೊಂದನ್ನು ಕೊಟ್ಟು ಚೌಕಟ್ಟಿನ ಕೆಳಗೆ ತೂರಿಸಲು ಹೇಳಿ. ಜ್ವಾಲೆಗಳ ಸಾಲು ಬಾಗಿ ಮೊಟಕಾಗುವುದನ್ನು ಅವರು ತಾವೇ ನೋಡಿ, ಉಳಿದವನ್ನು ಎಣಿಸಿ, ನಿಮ್ಮ ಪಟ್ಟಿಯಲ್ಲಿ ತಮ್ಮ ಸಂಖ್ಯೆಯನ್ನೂ ಬರೆಯಲಿ.